ನೀರಿನ ನ್ಯಾಯವೇ ನೆಲದ ಶಾಂತಿ: ಬೋರನಕಣಿವೆಯ ಸೀಮೆ ಕಲಿಸುವ ಪಾಠ

ಹವಾಮಾನ ರಕ್ಷಣೆ, ಸಾಮಾಜಿಕ ನ್ಯಾಯ, ಶಾಂತಿ ಎಂಬ ಮೂರು ಮಾತುಗಳನ್ನು ನಾವು ಸಾಮಾನ್ಯವಾಗಿ ಮೂರು ಬೇರೆ ಬೇರೆ ವೇದಿಕೆಗಳಲ್ಲಿ ಕೇಳುತ್ತೇವೆ. ಮೊದಲನೆಯದನ್ನು ವಿಜ್ಞಾನಿಗಳು ಆಡುತ್ತಾರೆ, ಎರಡನೆಯದನ್ನು ಸಮಾಜ ಸುಧಾರಕರು ಆಡುತ್ತಾರೆ, ಮೂರನೆಯದನ್ನು ಧರ್ಮಗುರುಗಳ ಪಾಲಿಗೆ ಬಿಟ್ಟಿದ್ದೇವೆ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಬದುಕುವವರಿಗೆ ಇವು ಮೂರೂ ಒಂದೇ ಗಂಟಿನ ಎಳೆಗಳು. ಆ ಗಂಟಿನ ಹೆಸರು ನೀರು. ಮಳೆ ಹದ ತಪ್ಪಿದಾಗ ಯಾರ ಮನೆಗೆ ಮೊದಲು ಪೆಟ್ಟು ಬೀಳುತ್ತದೆ, ಉಳಿದ ನೀರು ಯಾರ ಪಾಲಾಗುತ್ತದೆ, ಆ ಹಂಚಿಕೆಯನ್ನು ಊರು ಒಪ್ಪುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗಳನ್ನು ಒಂದರಿಂದ ಒಂದನ್ನು ಬಿಡಿಸಲಾಗದು. ಈ ಲೇಖನವು ಆ ಸಂಬಂಧವನ್ನು ನಮ್ಮ ನೆಲದ ಉದಾಹರಣೆಗಳಿಂದಲೇ ವಿವರಿಸುವ ಪ್ರಯತ್ನ.

ಬರ ಬೇರೆ, ಕ್ಷಾಮ ಬೇರೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿನ ಸೀಮೆಯಲ್ಲಿ, ಎರಡು ಗುಡ್ಡಗಳ ನಡುವೆ ಹರಿಯುವ ಸುವರ್ಣಮುಖಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಜಲಾಶಯವೇ ಬೋರನಕಣಿವೆ. 19ನೇ ಶತಮಾನದ ಕೊನೆಯ ಭಾಗದಲ್ಲಿ, ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ ಇದು ನಿರ್ಮಾಣವಾಯಿತು. ಆ ಕಾಲವನ್ನು ಗಮನಿಸಬೇಕು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಮೈಸೂರು ಸಂಸ್ಥಾನವು ಭೀಕರ ಕ್ಷಾಮವನ್ನು ಕಂಡಿತ್ತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಅಂದು ಮಳೆ ಕೈಕೊಟ್ಟದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಧಾನ್ಯ ರಫ್ತಾಗುತ್ತಲೇ ಇತ್ತು. ದೇಶದಲ್ಲಿ ಕಾಳೇ ಇರಲಿಲ್ಲ ಎನ್ನುವಂತಿರಲಿಲ್ಲ. ಕಾಳು ಕೊಳ್ಳುವ ಶಕ್ತಿ ಕೂಲಿಯವರಿಗೆ, ನೇಕಾರರಿಗೆ, ತುಂಡು ಹೊಲದ ರೈತರಿಗೆ ಇರಲಿಲ್ಲ. ಬರ ಎಂಬುದು ಮಳೆಯ ಕೊರತೆ. ಕ್ಷಾಮ ಎಂಬುದು ನ್ಯಾಯದ ಕೊರತೆ. ಮೊದಲನೆಯದು ಆಕಾಶದಿಂದ ಬರುತ್ತದೆ. ಎರಡನೆಯದನ್ನು ಮನುಷ್ಯರೇ ಮಾಡುತ್ತಾರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದಿನ ಹವಾಮಾನ ಬಿಕ್ಕಟ್ಟಿನ ಒಳಗುಟ್ಟೂ ಅರ್ಥವಾಗುತ್ತದೆ.

ಮಳೆಯ ಲೆಕ್ಕ ತಪ್ಪಿದ ಬಗೆ

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಉರಿಸುವುದರಿಂದ ವಾತಾವರಣವನ್ನು ಸೇರುವ ಇಂಗಾಲದ ಡೈಆಕ್ಸೈಡ್ ಭೂಮಿಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯ ಉಷ್ಣಾಂಶ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹೊರಬಲ್ಲ ನೀರಾವಿಯ ಪ್ರಮಾಣ ಶೇಕಡಾ 7ರಷ್ಟು ಹೆಚ್ಚುತ್ತದೆ. ಇದರಿಂದ ಎರಡು ಪರಿಣಾಮಗಳು ಒಟ್ಟಿಗೆ ಉಂಟಾಗುತ್ತವೆ. ಮಳೆ ಬಂದಾಗ ಸುರಿದಂತೆ ಬರುತ್ತದೆ. ಬಾರದಿದ್ದಾಗ ಬಿಸಿಗಾಳಿ ನೆಲದ ತೇವವನ್ನು ಬೇಗ ಹೀರುತ್ತದೆ. ವರ್ಷದ ಒಟ್ಟು ಮಳೆಯ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಕಾಣಬಹುದು, ಆದರೆ ಬೇಸಾಯಗಾರನಿಗೆ ಬೇಕಾದ ಹದ ಮಳೆ ಸಿಗುವುದಿಲ್ಲ.

ನಮ್ಮ ಭಾಗದವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಸುವರ್ಣಮುಖಿಯು ವೇದಾವತಿಯ ಉಪನದಿ. ಅದೇ ವೇದಾವತಿಗೆ ಕಟ್ಟಿದ ಹಿರಿಯೂರಿನ ವಾಣಿವಿಲಾಸ ಸಾಗರವು 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. 1933ರ ನಂತರ, ಅಂದರೆ 89 ವರ್ಷಗಳ ಬಳಿಕ, ನಡೆದ ಸಂಗತಿ ಅದು. ಜನ ಬಾಗಿನ ಅರ್ಪಿಸಿ ಸಂಭ್ರಮಿಸಿದರು. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಬೇಕಾಯಿತು. ಕೋಡಿ ಮತ್ತು ಬರದ ನಡುವೆ ಇದ್ದ ಅಂತರ ಕೇವಲ ಒಂದು ವರ್ಷ.

ತೆಂಗಿಗೆ ಈ ಏರಿಳಿತ ಏಕೆ ಮಾರಕ ಎಂಬುದನ್ನು ತಿಳಿಯಬೇಕು. ರಾಗಿಯ ಹೊಲ ಈ ವರ್ಷ ಒಣಗಿದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ತೆಂಗಿನ ಮರದ ಸುಳಿಯೊಳಗೆ ಹೊಂಬಾಳೆಯ ಮೊಳಕೆ ಮೂಡಿದ ದಿನದಿಂದ ಅದರ ಕಾಯಿ ಬಲಿಯುವ ತನಕ ಸುಮಾರು 44 ತಿಂಗಳು ಬೇಕು. ಈ ಅವಧಿಯ ಯಾವ ಹಂತದಲ್ಲಿ ಮರ ಬಾಯಾರಿದರೂ ಇಳುವರಿ ಕುಗ್ಗುತ್ತದೆ. ಒಂದು ಬೇಸಿಗೆಯ ಬರ ಮೂರು ನಾಲ್ಕು ವರ್ಷಗಳ ಫಸಲನ್ನು ಮುಟ್ಟುವುದು ಹೀಗೆ. ಸೊರಗಿದ ಮರಕ್ಕೆ ಕಪ್ಪುತಲೆ ಹುಳು, ಬಿಳಿನೊಣ, ಕಾಂಡ ಸೋರುವ ರೋಗಗಳೂ ಸುಲಭವಾಗಿ ಅಂಟುತ್ತವೆ.

ಒಂದೇ ಬರ, ಬೇರೆ ಬೇರೆ ಪೆಟ್ಟು

ಮಳೆ ಎಲ್ಲರ ಹೊಲದ ಮೇಲೂ ಒಂದೇ ತೆರನಾಗಿ ತಪ್ಪುತ್ತದೆ, ಆದರೆ ಅದರ ಪೆಟ್ಟು ಎಲ್ಲರಿಗೂ ಒಂದೇ ತೆರನಾಗಿ ಬೀಳುವುದಿಲ್ಲ. ಕೆರೆಯ ನೀರು ಕಣ್ಣಿಗೆ ಕಾಣುತ್ತದೆ. ಎಷ್ಟಿದೆ, ಯಾರು ಎಷ್ಟು ತೆಗೆದರು ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಕೊಳವೆಬಾವಿಯ ನೀರು ಕಾಣುವುದಿಲ್ಲ. ಅದು ಎಲ್ಲರ ನೆಲದಡಿ ಹರಡಿರುವ ಸಂಪತ್ತಾದರೂ, ಆಳವಾಗಿ ಕೊರೆಸಬಲ್ಲವನ ಆಸ್ತಿಯಾಗಿ ಮಾರ್ಪಡುತ್ತದೆ. ಪಕ್ಕದವನು ಹೆಚ್ಚು ಆಳಕ್ಕೆ ಇಳಿದರೆ ಮೊದಲಿನವನ ಬಾವಿ ಬತ್ತುತ್ತದೆ. ಅವನು ಸಾಲ ಮಾಡಿ ಇನ್ನಷ್ಟು ಆಳಕ್ಕೆ ಹೋಗುತ್ತಾನೆ. ಈ ಸ್ಪರ್ಧೆಯಲ್ಲಿ ಕೊನೆಗೆ ಯಾರೂ ಗೆಲ್ಲುವುದಿಲ್ಲ, ಆದರೆ ಬಡವನು ಎಲ್ಲರಿಗಿಂತ ಮೊದಲು ಸೋಲುತ್ತಾನೆ. ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಸರ್ಕಾರದ ಅಂತರ್ಜಲ ಮೌಲ್ಯಮಾಪನಗಳಲ್ಲಿ ಅತಿಬಳಕೆಯ ತಾಲ್ಲೂಕುಗಳೆಂದು ಮತ್ತೆ ಮತ್ತೆ ಗುರುತಾಗಿರುವುದು ಈ ಸ್ಪರ್ಧೆಯ ಫಲ. ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಅನೇಕ ಸಣ್ಣ ರೈತರನ್ನು ಅದು ಉಳಿಸಿದೆ, ನಿಜ. ಆದರೆ ಕೊಳವೆಬಾವಿಯೇ ಇಲ್ಲದ ಒಣಬೇಸಾಯದವನಿಗೂ ಭೂಮಿಯೇ ಇಲ್ಲದ ಕೂಲಿಯವಳಿಗೂ ಅದರಲ್ಲಿ ಪಾಲಿಲ್ಲ.

ಕೊಬ್ಬರಿಯ ಕಥೆಯೂ ಇದೇ. ಉಂಡೆ ಕೊಬ್ಬರಿಗೆ ಹೆಸರಾದದ್ದು ತಿಪಟೂರಿನ ಮಾರುಕಟ್ಟೆ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಒಣಗಲು ಬಿಟ್ಟರೆ ಮಾತ್ರ ಒಳ್ಳೆಯ ಉಂಡೆ ಕೊಬ್ಬರಿಯಾಗುತ್ತದೆ. ಅಷ್ಟು ಕಾಲ ಕಾಯಬಲ್ಲವರು ಯಾರು? ಕೈಯಲ್ಲಿ ಕಾಸಿದ್ದವರು. ಮಗಳ ಮದುವೆ, ಆಸ್ಪತ್ರೆಯ ಖರ್ಚು, ಸಾಲದ ಕಂತು ಎದುರಿಗಿದ್ದವನು ಎಳನೀರನ್ನೋ ಹಸಿ ಕಾಯಿಯನ್ನೋ ಬಂದ ಬೆಲೆಗೆ ಕೊಡುತ್ತಾನೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಸಾರಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆಯ ಬೆಲೆ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರವನ್ನು ದಾಟಿತು. ಬೆಲೆ ಏರಲು ಒಂದು ಮುಖ್ಯ ಕಾರಣ, ಬರ ಮತ್ತು ರೋಗಗಳಿಂದ ಮರದಲ್ಲಿ ಕಾಯಿ ಕಡಿಮೆಯಾದದ್ದು. ಕಾಯಿ ಇದ್ದಾಗ ಬೆಲೆ ಇರಲಿಲ್ಲ, ಬೆಲೆ ಬಂದಾಗ ಕಾಯಿ ಇರಲಿಲ್ಲ. ನೀರಿದ್ದವನು ಎರಡನ್ನೂ ದಾಟಿ ನಿಂತ. ನೀರಿಲ್ಲದವನು ಎರಡರಲ್ಲೂ ಸೋತ. ಕಾಯಿ ಸುಲಿಯುವ ಕೂಲಿಗಾರ, ಚಿಪ್ಪು ಬಿಡಿಸಿ ಉಂಡೆ ತೆಗೆಯುವ ಹೆಣ್ಣುಮಕ್ಕಳು ಯಾವ ಪರಿಹಾರದ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಆದರೆ ಕಾಯಿ ಕಡಿಮೆಯಾದ ವರ್ಷ ಅವರ ಕೆಲಸದ ದಿನಗಳೂ ಕಡಿಮೆಯಾಗುತ್ತವೆ.

ಲೋಕದ ಮಟ್ಟದಲ್ಲಿಯೂ ಚಿತ್ರ ಭಿನ್ನವಾಗಿಲ್ಲ. ಭಾರತೀಯನೊಬ್ಬನ ಪಾಲಿಗೆ ಬರುವ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸರಾಸರಿ ಸುಮಾರು 2 ಟನ್; ಅಮೆರಿಕದ ಪ್ರಜೆಯೊಬ್ಬನ ಪಾಲು ಸುಮಾರು 14 ಟನ್. ಆ ಭಾರತೀಯ ಸರಾಸರಿಯೊಳಗೂ ಮಹಾನಗರದ ಸಿರಿವಂತನ ಪಾಲು ಬೇರೆ, ಹುಳಿಯಾರಿನ ಕುರಿಗಾಹಿಯ ಪಾಲು ಬೇರೆ. ಬಿಸಿಯನ್ನು ಹೆಚ್ಚಿಸಿದವರೊಬ್ಬರು, ಬೇಯುವವರು ಇನ್ನೊಬ್ಬರು. ಇದನ್ನೇ ಇಂದು ಹವಾಮಾನ ನ್ಯಾಯದ ಪ್ರಶ್ನೆ ಎನ್ನುತ್ತಾರೆ.

ಕಲಹ ಹುಟ್ಟುವ ಜಾಗ

ಕೊರತೆಯೊಂದೇ ಜಗಳವನ್ನು ಹುಟ್ಟಿಸುವುದಿಲ್ಲ. ಬಡತನವಿದ್ದೂ ಹಂಚಿಕೊಂಡು ಬಾಳಿದ ಕುಟುಂಬಗಳನ್ನು ನಾವೆಲ್ಲ ಬಲ್ಲೆವು. ತನ್ನ ಪಾಲನ್ನು ತನಗೆ ಹೇಳದೆ ಕೇಳದೆ ಕಸಿಯಲಾಗುತ್ತಿದೆ ಎಂಬ ಭಾವನೆ ಮೂಡಿದಲ್ಲಿ ಕಲಹ ಹುಟ್ಟುತ್ತದೆ.

2025ರ ಮೇ ತಿಂಗಳ ಕೊನೆಯಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯನ್ನು ವಿರೋಧಿಸಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು, ಜನಪ್ರತಿನಿಧಿಗಳು, ಮಠಾಧೀಶರು ಬೀದಿಗಿಳಿದರು. ಆಡಳಿತ ನಿಷೇಧಾಜ್ಞೆ ಹೊರಡಿಸಿತು. ತಮ್ಮ ಕಾಲುವೆಗೆ ಬರುವ ನೀರು ದಾರಿಯಲ್ಲಿಯೇ ಕೊಳವೆಯಲ್ಲಿ ಹೊರಟು ಹೋಗುತ್ತದೆಂಬ ಭಯ ಗುಬ್ಬಿ ಕಡೆಯ ರೈತರದು. ತಮಗೆ ಹಂಚಿಕೆಯಾದ ನೀರು ಕೊನೆಯ ಭಾಗದಲ್ಲಿರುವ ತಮ್ಮನ್ನು ಮುಟ್ಟುವುದೇ ಇಲ್ಲವೆಂಬ ನೋವು ಕುಣಿಗಲ್, ಮಾಗಡಿ ಕಡೆಯವರದು. ಎರಡು ಕಡೆಯೂ ಇರುವುದು ಬಾಯಾರಿದ ಒಕ್ಕಲುಮಕ್ಕಳೇ. ಇಲ್ಲಿ ಬೇಕಾದದ್ದು ಯಾರನ್ನು ಸೋಲಿಸಬೇಕೆಂಬ ಲೆಕ್ಕವಲ್ಲ. ಕಾಲುವೆಯಲ್ಲಿ ಎಷ್ಟು ನೀರು ಹರಿಯಿತು, ಎಲ್ಲಿ ಎಷ್ಟು ಇಳಿಯಿತು ಎಂಬುದನ್ನು ಎರಡೂ ಕಡೆಯವರು ಒಟ್ಟಿಗೆ ನೋಡಿ ನಂಬಬಲ್ಲ ಲೆಕ್ಕ ಬೇಕು. ಗುಟ್ಟಿನ ನೀರು ಸಂಶಯವನ್ನು ಬೆಳೆಸುತ್ತದೆ. ಬಯಲಿಗಿಟ್ಟ ಲೆಕ್ಕ ಮಾತಿಗೆ ದಾರಿ ಮಾಡುತ್ತದೆ.

ಇನ್ನೊಂದು ಉದಾಹರಣೆ ಚಿಕ್ಕನಾಯಕನಹಳ್ಳಿಯ ಗುಡ್ಡಗಳದು. ಮಳೆನೀರನ್ನು ತಡೆದು, ಇಂಗಿಸಿ, ಕೆರೆ ಹಳ್ಳಗಳಿಗೆ ಇಳಿಸುವ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯಿತು. ಧೂಳು, ಲಾರಿಗಳ ಓಡಾಟ, ಬತ್ತಿದ ಬಾವಿಗಳು ಹಳ್ಳಿಯವರ ಪಾಲಾದವು. ಲಾಭ ಬೇರೆಲ್ಲಿಗೋ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ನಂತರ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿ, ಪುನಶ್ಚೇತನದ ಷರತ್ತಿನ ಮೇಲೆ ಮಾತ್ರ ಮುಂದಿನ ಅನುಮತಿಗೆ ದಾರಿ ತೋರಿತು. ಗಣಿಬಾಧಿತ ಪ್ರದೇಶದ ಪರಿಸರ ಪುನಶ್ಚೇತನಕ್ಕಾಗಿಯೇ 2014ರಲ್ಲಿ ರಾಜ್ಯದಲ್ಲಿ ಒಂದು ನಿಗಮ ಸ್ಥಾಪನೆಯಾಯಿತು. ಆ ಹಣ ಮೊದಲು ಯಾರ ಬಾವಿ ಬತ್ತಿತೋ ಅವರ ಊರಿನ ನೀರಿಗೆ ಸಲ್ಲಬೇಕೆಂಬುದು ನ್ಯಾಯದ ಮೊದಲ ಪಾಠ.

ಒಳ್ಳೆಯ ಕೆಲಸಕ್ಕೂ ನ್ಯಾಯದ ಒರೆಗಲ್ಲು

ಹವಾಮಾನ ರಕ್ಷಣೆಯ ಕಾರ್ಯಗಳೂ ನ್ಯಾಯದ ಪರೀಕ್ಷೆಯಿಂದ ಹೊರತಲ್ಲ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ನಿಂತಿದೆ. ರೈತರ ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ ಬಾಡಿಗೆ ಕೊಡುವ ಏರ್ಪಾಡು ಅಲ್ಲಿಯದು. ಬರದ ನೆಲದ ರೈತನಿಗೆ ಅದು ಆಸರೆಯಾಯಿತು. ದೇಶಕ್ಕೆ ಹೊಗೆಯಿಲ್ಲದ ವಿದ್ಯುತ್ ದೊರೆಯಿತು. ಇವೆರಡೂ ಮೆಚ್ಚತಕ್ಕವು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಬಾಡಿಗೆ ಬರಲಿಲ್ಲ, ಕೂಲಿಯೂ ಉಳಿಯಲಿಲ್ಲ. ಕುರಿ ಮೇಯಿಸುವವರ ಹುಲ್ಲುಗಾವಲು ಬೇಲಿಯೊಳಗಾಯಿತು. ಭೂಮಿಯ ಒಡೆತನವೊಂದನ್ನೇ ಅಳತೆಗೋಲು ಮಾಡಿದರೆ, ಸದುದ್ದೇಶದ ಯೋಜನೆಯೂ ಬಡವನನ್ನು ಹೊರಗಿಡುತ್ತದೆಂಬ ಎಚ್ಚರಿಕೆ ಅಲ್ಲಿದೆ.

ಶರಣರ ದಾರಿ

ಈ ಪ್ರಶ್ನೆಗಳು ಶರಣ ಪರಂಪರೆಗೆ ಹೊಸತಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಊರವರನ್ನು ಕೂಡಿಸಿಕೊಂಡು ಕೆರೆ ಕಟ್ಟಿಸಿದ ಕರ್ಮಯೋಗಿ. ಮಳೆಹನಿಯನ್ನು ತಡೆದು ನಿಲ್ಲಿಸುವ ಕೆಲಸವನ್ನು ಪೂಜೆಯಷ್ಟೇ ಪವಿತ್ರವೆಂದು ತಿಳಿದವರು ಅವರು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇನ್ನೂ ಆಳವಾದುದು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಅಗತ್ಯಕ್ಕೆ ಮೀರಿದ್ದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮ ಹೇಳಿದರು. ಆ ಅಕ್ಕಿ ಕದ್ದದ್ದಲ್ಲ, ಕಸಿದದ್ದಲ್ಲ. ಆದರೂ ಅಗತ್ಯಕ್ಕಿಂತ ಹೆಚ್ಚು ತೆಗೆದರೆ ಅದು ಮತ್ತೊಬ್ಬರ ಪಾಲೆಂಬ ಅರಿವು ಆ ತಾಯಿಗಿತ್ತು. ಇಂದು ಕೊಳವೆಬಾವಿಯ ಮುಂದೆ ನಿಂತ ನಮಗೆ ಬೇಕಾದದ್ದು ಇದೇ ಅರಿವು.

ಹಿಂದಿನದೆಲ್ಲ ನ್ಯಾಯವಾಗಿತ್ತು ಎಂದು ಭಾವಿಸುವುದೂ ತಪ್ಪು. ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಹಾಯಿಸುತ್ತಿದ್ದ ನೀರುಗಂಟಿಗಳು ಅನೇಕ ಊರುಗಳಲ್ಲಿ ದಲಿತ ಸಮುದಾಯದವರಾಗಿದ್ದರು. ಊರಿಗೆಲ್ಲ ನೀರು ಹಂಚಿದ ಆ ಕೈಗಳಿಗೆ ಊರಬಾವಿಯ ಹಗ್ಗ ಮುಟ್ಟುವ ಹಕ್ಕಿರಲಿಲ್ಲ. ಜಾತಿಯ ಗೋಡೆಯನ್ನು ಒಡೆಯಲು ಹೊರಟ ಬಸವಾದಿ ಶರಣರ ಕ್ರಾಂತಿಯನ್ನು ಸ್ಮರಿಸುವ ನಾವು, ಕೆರೆಯ ಹೂಳೆತ್ತುವಾಗ ಆ ಹಳೆಯ ಹೂಳನ್ನೂ ಎತ್ತಿ ಹಾಕಬೇಕು. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಮಹಾಸ್ವಾಮಿಗಳು ಎಲ್ಲ ಜಾತಿ ಮತಗಳ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ನಡೆಸಿದ ದಾಸೋಹ ನಮ್ಮ ಜಿಲ್ಲೆಯ ಕಣ್ಣೆದುರಿನ ಮಾದರಿ. ಅನ್ನದಲ್ಲಿ ಸಾಧ್ಯವಾದದ್ದು ನೀರಿನಲ್ಲಿ ಏಕೆ ಸಾಧ್ಯವಾಗಬಾರದು?

ನಾವು ಮಾಡಬಹುದಾದದ್ದು

ಮೊದಲನೆಯದು, ನೀರಿನ ಲೆಕ್ಕ. ಫಲ ಬಿಡುವ ಒಂದು ತೆಂಗಿನ ಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ದಿನಕ್ಕೆ ಸುಮಾರು 50 ಲೀಟರ್ ಎಂದಿಟ್ಟುಕೊಂಡರೆ, ಎಕರೆಗೆ 70 ಮರಗಳಿಗೆ 3,500 ಲೀಟರ್ ಬೇಕು. ಜಲಜೀವನ್ ಯೋಜನೆಯ ಅಳತೆಯಂತೆ ಗ್ರಾಮೀಣ ಪ್ರದೇಶದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಒಂದು ಎಕರೆ ತೋಟದ ಒಂದು ದಿನದ ನೀರು ಅರವತ್ತಕ್ಕೂ ಹೆಚ್ಚು ಜನರ ಒಂದು ದಿನದ ಬಳಕೆಗೆ ಸಮ. ತೋಟ ಬೇಡವೆಂದು ಇದರ ಅರ್ಥವಲ್ಲ. ತೋಟವೇ ಈ ಸೀಮೆಯ ಅನ್ನ. ಆದರೆ ಈ ಲೆಕ್ಕವನ್ನು ಗ್ರಾಮಸಭೆಯ ಮುಂದಿಟ್ಟರೆ, ಇನ್ನೂ ಹೆಚ್ಚು ನೀರು ಬೇಡುವ ಅಡಿಕೆಯನ್ನು ಒಣಭೂಮಿಗೆ ಹಬ್ಬಿಸಬೇಕೇ, ಕುಡಿಯುವ ನೀರಿಗೆ ಎಷ್ಟನ್ನು ಮೀಸಲಿಡಬೇಕು ಎಂಬುದನ್ನು ಊರೇ ಕೂತು ತೀರ್ಮಾನಿಸಬಹುದು. ಕರ್ನಾಟಕವೂ ಸೇರಿದಂತೆ 7 ರಾಜ್ಯಗಳಲ್ಲಿ ಜಾರಿಗೆ ಬಂದ ಅಟಲ್ ಭೂಜಲ ಯೋಜನೆಯು ಗ್ರಾಮ ಪಂಚಾಯಿತಿ ಮಟ್ಟದ ಇಂಥ ಲೆಕ್ಕವನ್ನೇ ಮುಖ್ಯವಾಗಿಸಿತು. ಮಹಾರಾಷ್ಟ್ರದ ಹಿವ್ರೆ ಬಾಜಾರ್ ಗ್ರಾಮದವರು ಪ್ರತಿವರ್ಷ ಬಿದ್ದ ಮಳೆಯನ್ನು ಅಳೆದು, ಅದಕ್ಕೆ ತಕ್ಕ ಬೆಳೆಯನ್ನು ಗ್ರಾಮಸಭೆಯಲ್ಲಿ ನಿರ್ಧರಿಸುತ್ತಾರೆ. ಬೇಸಾಯಕ್ಕೆ ಕೊಳವೆಬಾವಿ ಕೊರೆಸದಿರುವ ಕಟ್ಟಳೆಯನ್ನು ತಾವೇ ಹಾಕಿಕೊಂಡಿದ್ದಾರೆ. ಬರಪೀಡಿತವಾಗಿದ್ದ ಆ ಊರು ಚೇತರಿಸಿಕೊಂಡದ್ದು ಹೀಗೆ.

ಎರಡನೆಯದು, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿಯುವುದು. ಬೋರನಕಣಿವೆಯಂಥ ಜಲಾಶಯಗಳು ತುಂಬಬೇಕಾದರೆ ಮೇಲಿನ ಹಳ್ಳಗಳು ಒತ್ತುವರಿಯಿಂದ ಬಿಡುಗಡೆಯಾಗಬೇಕು, ಕೆರೆಗಳ ಹೂಳು ಹೊಲಗಳನ್ನು ಸೇರಬೇಕು. ತೋಟದಲ್ಲಿ ತೆಂಗಿನ ಮಟ್ಟೆಯನ್ನು ಸುಡದೆ ಸಾಲುಗಳ ನಡುವಿನ ಗುಂಡಿಗಳಲ್ಲಿ ಹೂಳಿದರೆ ಅದು ತೇವವನ್ನು ಹಿಡಿದಿಡುತ್ತದೆ. ಗರಿ ಮತ್ತು ನಾರಿನ ಪುಡಿಯ ಹೊದಿಕೆ ಬುಡದ ನೆಲವನ್ನು ತಂಪಾಗಿಡುತ್ತದೆ. ಹೊಗೆಯೂ ತಪ್ಪುತ್ತದೆ, ನೀರೂ ಉಳಿಯುತ್ತದೆ.

ಮೂರನೆಯದು, ತೀರ್ಮಾನದ ಪಂಕ್ತಿಯಲ್ಲಿ ಎಲ್ಲರಿಗೂ ಜಾಗ. ಕೆರೆ ಸಂಘ, ಜಲ ಸಮಿತಿಗಳಲ್ಲಿ ಜಮೀನಿದ್ದವರಷ್ಟೇ ಕೂರಬಾರದು. ನೀರು ಹೊರುವ ಹೆಣ್ಣುಮಕ್ಕಳು, ಭೂರಹಿತ ಕೂಲಿಕಾರರು, ಕುರಿಗಾಹಿಗಳು, ದಲಿತ ಕೇರಿಯವರು ಮಾತಾಡಬೇಕು, ಅವರ ಮಾತು ದಾಖಲಾಗಬೇಕು. ಕೂತು ಒಪ್ಪಿದ ಕಟ್ಟಳೆಯನ್ನು ಜನ ತಾವೇ ಕಾಯುತ್ತಾರೆ. ಹೇರಿದ ಕಟ್ಟಳೆಯನ್ನು ಪೊಲೀಸರು ಕಾಯಬೇಕಾಗುತ್ತದೆ.

ನಾಲ್ಕನೆಯದು, ಮಠಗಳ ಮತ್ತು ಭಕ್ತರ ಹೊಣೆ. ಮಠದ ತೋಟ, ಕಲ್ಯಾಣಿ, ಕಟ್ಟಡಗಳ ನೀರಿನ ಲೆಕ್ಕ ಮೊದಲು ಬಯಲಿಗೆ ಬರಲಿ. ಜಾತ್ರೆ, ಸಮ್ಮೇಳನಗಳ ಜೊತೆಗೆ ವರ್ಷಕ್ಕೊಮ್ಮೆ ಕೆರೆಯ ಕಾಯಕವೂ ನಡೆಯಲಿ. ನೀರಿನ ವಿವಾದ ಎದ್ದಾಗ ಸ್ವಾಮಿಗಳ ಸ್ಥಾನ ಒಂದು ದಂಡೆಯ ಮೇಲಷ್ಟೇ ಇರದೆ, ಎರಡು ದಂಡೆಯವರನ್ನು ಕೂರಿಸಿ ಮಾತಾಡಿಸುವ ಅನುಭವ ಮಂಟಪದ ಸ್ಥಾನವಾಗಲಿ.

ಶಾಂತಿ ಎಂದರೆ ಸದ್ದಿಲ್ಲದಿರುವುದಲ್ಲ. ಬಾವಿ ಬತ್ತಿದವನು ಬಾಯಿಬಿಡಲಾರದೆ ಬೆಂಗಳೂರಿನ ಬಸ್ಸು ಹತ್ತಿದರೆ ಊರು ಸದ್ದಿಲ್ಲದೆ ಇರುತ್ತದೆ, ಆದರೆ ಅದು ಶಾಂತಿಯಲ್ಲ. ತನ್ನ ಪಾಲು ತನಗೆ ಬಂದಿದೆ, ನೆರೆಯವನ ಪಾಲು ಅವನಿಗೆ ತಲುಪಿದೆ ಎಂಬ ನೆಮ್ಮದಿಯಲ್ಲಿ ಜನ ಮಲಗುವ ಊರಿನಲ್ಲಿ ಶಾಂತಿ ಇದೆ. ಮಳೆಯನ್ನು ನಾವು ತರಿಸಲಾರೆವು. ಬಂದ ಮಳೆಯನ್ನು ಹಿಡಿಯುವುದು, ಹಿಡಿದುದನ್ನು ಹಂಚಿಕೊಳ್ಳುವುದು ನಮ್ಮ ಕೈಯಲ್ಲಿದೆ. ಹಿಡಿಯುವುದು ಕಾಯಕ, ಹಂಚುವುದು ದಾಸೋಹ. ಮುಂದಿನ ಮುಂಗಾರಿಗೆ ಮುನ್ನ ಪ್ರತಿ ಊರೂ ತನ್ನ ಕೆರೆಯ ಏರಿಯ ಮೇಲೆ ಒಮ್ಮೆ ಸಭೆ ಸೇರಿ ಈ ಎರಡರ ಲೆಕ್ಕವನ್ನು ಮಾಡಲಿ.